ಲಿಫ್ಟಣ್ಣನ ಕೆಂಪು ಕಾರು

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಊರೆಲ್ಲ ಕಾಲು ಚಾಚುವ ಹೊತ್ತಿಗೆ ಲಿಫ್ಟಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ವಾರವಿಡೀ ಅವನು ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುವವನು. ರಜೆಯ ದಿನ ಮಾತ್ರ ಫೋಟೋ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕೂತು ಡಿಸ್ಕ್ ಸುಡುತ್ತಿದ್ದ. ಸುಡುವುದು ಎಂದರೆ ಬೆಂಕಿ ಹಚ್ಚುವುದಲ್ಲ. ಹಳೆಯ ಟೇಪುಗಳಲ್ಲಿ ಸಾಯುತ್ತಾ ಬಿದ್ದಿರುವ ಹಾಡು, ನಾಟಕ, ಧಾರಾವಾಹಿಗಳನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಖಾಲಿ ಡಿಸ್ಕಿನ ಮೇಲೆ ಬರೆಯುವುದು. ಆ ಹವ್ಯಾಸದವರು ತಮ್ಮತಮ್ಮಲ್ಲಿ ಅದನ್ನು ಸುಡುವುದು ಅಂತಲೇ ಕರೆಯುತ್ತಿದ್ದರು. ಒಮ್ಮೆ ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಏನ್ರೀ, ಸುಡೋಕೆ ಹೊರಟ್ರಾ? ಬೇಗ ಬನ್ನಿ" ಎಂದಾಗ ಎದುರು ಮನೆಯಾಕೆ ಗಾಬರಿಯಾಗಿ, "ಅಯ್ಯೋ, ಯಾರು ಹೋದ್ರು?" ಎಂದು ಕೇಳಿದ್ದಳು.

ಆ ಕೋಣೆಯಲ್ಲಿ ಸೇರುತ್ತಿದ್ದವರು ನಾಲ್ಕೇ ಜನ. ಸ್ಟುಡಿಯೋದ ಒಡೆಯ, ಎಲ್ಲರಿಗೂ ಅವನು 'ಸ್ಟುಡಿಯೋ'. ನಿವೃತ್ತರಾದ ಗಣಿತದ ಮೇಷ್ಟ್ರು. ಮೂಲೆಯ ಔಷಧಿ ಅಂಗಡಿ ನಡೆಸುವ ಮೇಡಂ. ಮತ್ತೆ ಲಿಫ್ಟಣ್ಣ. ಗೋಡೆಗೆ ಜಲಪಾತದ ಚಿತ್ರವಿದ್ದ ಹಳೆಯ ಪರದೆ, ಅದರ ಮುಂದೆ ಕಾಲು ಮುರಿದ ಸೋಫಾ, ಮೇಜಿನ ಮೇಲೆ ಎರಡು ಕಂಪ್ಯೂಟರು, ಟೇಪು ಓಡಿಸುವ ಮೂರು ತರದ ಯಂತ್ರಗಳು. ಈಗಿನ ಕಾಲದಲ್ಲಿ ಡಿಸ್ಕನ್ನು ಮೂಸಿ ನೋಡುವವರೂ ಇಲ್ಲ ಎಂಬುದು ನಾಲ್ವರಿಗೂ ಗೊತ್ತಿತ್ತು. ಆದರೂ ಬರುತ್ತಿದ್ದರು. ನಿಜ ಹೇಳಬೇಕೆಂದರೆ ಡಿಸ್ಕ್ ಒಂದು ನೆಪ. ಅದು ಗುಂಯ್ ಎನ್ನುತ್ತಾ ತಿರುಗುವಷ್ಟು ಹೊತ್ತು ಆಡುವ ಹಾಳುಹರಟೆಗಾಗಿ ಅವರು ಬರುತ್ತಿದ್ದರು.

"ನಿಧಾನಕ್ಕೆ ಸುಡು ಮಾರಾಯ, ಸ್ಪೀಡ್ ಇಟ್ರೆ ಆಮೇಲೆ ಓದಲ್ಲ ಅದು" ಎನ್ನುವುದರಿಂದ ಮಾತು ಶುರುವಾಗುತ್ತಿತ್ತು. ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತಿತ್ತು. ಯಾವ ಧಾರಾವಾಹಿಯಲ್ಲಿ ಸೊಸೆಯಾಗಿದ್ದ ನಟಿ ಯಾವುದರಲ್ಲಿ ಅತ್ತೆಯಾದಳು, ಟೇಪಿನಲ್ಲಿ ಹಾಡಿನ ಹಿಂದೆ ಕೇಳುವ ಕೆಮ್ಮು ಗಾಯಕನದೋ ತಬಲಾದವನದೋ, ಹೀಗೆ.

"ಒಂದು ಪ್ರಶ್ನೆ" ಎಂದರು ಮೇಷ್ಟ್ರು ಆ ಭಾನುವಾರ. ಪ್ರಶ್ನೆ ಇಲ್ಲದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. "ಗ್ರಾಮಫೋನ್ ತಟ್ಟೆ ಹೊರಗಿಂದ ಒಳಕ್ಕೆ ಓಡುತ್ತೆ. ಡಿಸ್ಕು ಒಳಗಿಂದ ಹೊರಕ್ಕೆ. ಯಾಕೆ?"

"ಹಳೇ ಕಾಲದವರು ಸಂಜೆಯಾದ್ರೆ ಮನೆ ಸೇರ್ತಿದ್ರು, ಈಗಿನವರಿಗೆ ಹೊರಗೆ ಹೋಗೋ ಆತುರ" ಎಂದರು ಮೇಡಂ. ಮೇಷ್ಟ್ರು ನಗಲಿಲ್ಲ. ಸ್ಟುಡಿಯೋ ಬಿಸ್ಕತ್ತು ಅದ್ದುತ್ತಾ, "ಅದಿರಲಿ, ನನ್ನದೊಂದು ಪ್ರಶ್ನೆ. ನಾವು ಚಿಕ್ಕವರಿದ್ದಾಗ ಒಂದು ಪತ್ತೇದಾರಿ ಧಾರಾವಾಹಿ ಬರ್ತಿತ್ತಲ್ಲ, ಕುಂಟು ಪತ್ತೇದಾರ, ಪ್ರತಿ ವಾರ ಸೇತುವೆ ಮೇಲೆ ಕಾರು ಓಡಿಸಿಕೊಂಡು ಬರ್ತಿದ್ದ. ಆ ಕಾರಿನ ಬಣ್ಣ ಯಾವುದು?" ಎಂದ.

"ಕೆಂಪು" ಎಂದ ಲಿಫ್ಟಣ್ಣ. ಯೋಚಿಸುವ ಗೊಡವೆಗೇ ಹೋಗಲಿಲ್ಲ.

ಮೂವರೂ ಅವನ ಕಡೆ ತಿರುಗಿದರು. ಸ್ಟುಡಿಯೋ ನಗತೊಡಗಿದ. "ಸಿಕ್ಕಿಬಿದ್ರಿ. ಅದು ಕಪ್ಪು ಬಿಳುಪು ಧಾರಾವಾಹಿ. ಬಣ್ಣವೇ ಇರಲಿಲ್ಲ."

"ಇತ್ತು" ಎಂದ ಲಿಫ್ಟಣ್ಣ. "ನಾನೇ ಕಣ್ಣಾರೆ ನೋಡಿದೀನಿ. ನಮ್ಮ ಬೀದಿ ಕೊನೇಲಿ ಟೀವಿ ಅಂಗಡಿ ಇತ್ತು. ಸಂಜೆ ಗಾಜಿನ ಹಿಂದೆ ಟೀವಿ ಹಾಕಿಡೋರು, ಬೀದಿ ತುಂಬ ಜನ. ನಾನು ನಮ್ಮಪ್ಪನ ಹೆಗಲ ಮೇಲೆ ಕೂತಿದ್ದೆ, ಎರಡೂ ಕೈಲಿ ಕೂದಲು ಹಿಡ್ಕೊಂಡು. ಅಪ್ಪ ಪ್ರೆಸ್ಸಲ್ಲಿ ಕೆಲಸ ಮಾಡ್ತಿದ್ರು, ಮಸಿ ತೊಳೆಯೋಕೆ ಸೀಮೆಎಣ್ಣೆ ಹಚ್ಚೋರು, ತಲೆಯೆಲ್ಲ ಅದೇ ವಾಸನೆ. ಸೇತುವೆ ಮೇಲೆ ಕಾರು ಬಂತು. ಕೆಂಪು ಕಾರು."

ಮೇಷ್ಟ್ರು ಬೆರಳು ಮಡಚಲು ಶುರುಮಾಡಿದರು. "ತಡೀರಿ. ಆ ಧಾರಾವಾಹಿಯನ್ನ ಎರಡನೇ ಸಲ ಹಾಕಿದಾಗ ಕಲರ್ ಮಾಡಿದ್ರೋ ಏನೋ. ಕಲರ್ ಟೀವಿ ಬಂದಿದ್ದು ನಾನು ಕೆಲಸಕ್ಕೆ ಸೇರಿದ ವರ್ಷ. ಆಗ ನಿಮಗೆ ಎಂಟು ವರ್ಷ ಇರಬೇಕು. ನಿಮ್ಮ ತಂದೆಯವರು ಹೋದಾಗ ನೀವು ಒಂದನೇ ಕ್ಲಾಸು ಅಂತ ಹೇಳಿದ್ರಲ್ಲವಾ? ಹಾಗಾದ್ರೆ..."

ಅಲ್ಲಿಗೆ ಮೇಷ್ಟ್ರಿಗೆ ತಾನು ಎಲ್ಲಿಗೆ ಬಂದು ನಿಂತೆ ಎಂಬುದು ಹೊಳೆಯಿತು. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ನನ್ನ ಲೆಕ್ಕ ತಪ್ಪಿರಬಹುದು" ಎಂದರು. ಮೇಷ್ಟ್ರ ಬಾಯಿಂದ ಆ ಮಾತನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಲಿಫ್ಟಣ್ಣ ಮನೆಗೆ ನಡೆದೇ ಬಂದ. ಬಸ್ಸು ಹತ್ತಬೇಕೆಂಬುದೇ ತಲೆಗೆ ಬರಲಿಲ್ಲ. ಕೆಂಪು ಕಾರು ಕಣ್ಣ ಮುಂದೆ ಇತ್ತು, ಕೈಯಲ್ಲಿ ಕೂದಲಿನ ಹಿಡಿತ ಇತ್ತು, ಮೂಗಿನಲ್ಲಿ ಸೀಮೆಎಣ್ಣೆ ಇತ್ತು. ಅಪ್ಪ ಮಾತ್ರ ಲೆಕ್ಕದ ಪ್ರಕಾರ ಇರಲಿಲ್ಲ. ಹಾಗಾದರೆ ತಾನು ಕೂತಿದ್ದು ಯಾರ ಹೆಗಲ ಮೇಲೆ?

ಮರುದಿನ ಕೆಲಸದಲ್ಲೂ ಅದೇ ಗುಂಗು. ಎಂಟು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಜೋಡಿ ಲಿಫ್ಟು. ಅದರಲ್ಲಿ ಎಡಗಡೆಯದರ ಬಾಗಿಲು ಮುಚ್ಚುತ್ತಿರಲಿಲ್ಲ. ಅವನು 'ಕೆಟ್ಟಿದೆ' ಎಂಬ ಬೋರ್ಡನ್ನು ತೆಗೆದುಕೊಂಡು ಹೋಗಿ ಬಲಗಡೆಯ, ಚೆನ್ನಾಗಿ ಓಡುತ್ತಿದ್ದ ಲಿಫ್ಟಿಗೆ ನೇತುಹಾಕಿ, ಅದರ ಬಾಗಿಲನ್ನೇ ಬಿಚ್ಚಿ ಕೂತ. ಜನ ಎಡಗಡೆಯದರಲ್ಲಿ ನುಗ್ಗಿ, ಬಾಗಿಲು ಮುಚ್ಚದೆ, ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಕಟ್ಟಡದ ಕಾವಲುಗಾರ ಓಡಿಬಂದು, "ಏನ್ ಸ್ವಾಮಿ, ಆರೋಗ್ಯವಾಗಿರೋದಕ್ಕೆ ಆಪರೇಷನ್ ಮಾಡ್ತಿದೀರಲ್ಲ" ಎಂದ. ಮೂವತ್ತು ವರ್ಷದ ಕೆಲಸದಲ್ಲಿ ಇಂಥದ್ದು ನಡೆದಿರಲಿಲ್ಲ. ಅವನು ತಪ್ಪಾಯ್ತು ಎಂದವನೇ ಬಿಚ್ಚಿದ್ದನ್ನು ಜೋಡಿಸಿ, ಕೆಟ್ಟದ್ದನ್ನು ಸರಿಮಾಡಿ, ಸಂಜೆ ಸೀದಾ ಅಕ್ಕನ ಮನೆಗೆ ಹೋದ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ಹಳೆಯದನ್ನು ಕೇಳಲು ಉಳಿದಿದ್ದವಳು ಅವಳೊಬ್ಬಳೇ. ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಳು. ಅವನು ನಡೆದದ್ದನ್ನು ಹೇಳಿದ. ಅವಳು ಒಂದು ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಅದು ಚಿಕ್ಕಪ್ಪ ಇರ್ಬೇಕು ಕಣೋ" ಎಂದಳು.

ಚಿಕ್ಕಪ್ಪ ಎಂದರೆ ಅಪ್ಪನ ತಮ್ಮ. ಅಪ್ಪ ಹೋದ ಮೇಲೂ ಎರಡು ಮೂರು ವರ್ಷ ಅವರೊಂದಿಗೇ ಇದ್ದ, ಆಮೇಲೆ ಒಂದು ದಿನ ಇರಲಿಲ್ಲ. ಹೊರಕೋಣೆಯ ಚಾಪೆ, ಗೋಡೆಗೆ ಒರಗಿಸಿದ ಸೈಕಲ್ಲು, ಇಷ್ಟು ಲಿಫ್ಟಣ್ಣನ ನೆನಪಿನಲ್ಲಿತ್ತು. ಆಮೇಲೆ ಮನೆಯಲ್ಲಿ ಆ ಹೆಸರೆತ್ತಿದರೆ ಅಮ್ಮ ಎದ್ದು ಹೋಗುತ್ತಿದ್ದಳು. ಹಾಗಾಗಿ ಎತ್ತುವುದನ್ನು ಬಿಟ್ಟರು. ಎತ್ತದ ಹೆಸರಿನ ಮನುಷ್ಯ ನಿಧಾನವಾಗಿ ಅಳಿಸಿ ಹೋಗಿದ್ದ.

"ಅಲ್ಲಕ್ಕ, ನಂಗೆ ಚೆನ್ನಾಗಿ ನೆನಪಿದೆ. ಸೀಮೆಎಣ್ಣೆ ವಾಸನೆ."

"ಚಿಕ್ಕಪ್ಪನೂ ಅದೇ ಪ್ರೆಸ್ಸಲ್ಲೇ ಇದ್ದಿದ್ದು. ಇಬ್ಬರ ಹತ್ರನೂ ಒಂದೇ ವಾಸನೆ."

"ಮತ್ತೆ ಅಪ್ಪ ನಂಗೆ ಸೈಕಲ್ ಕಲಿಸಿದ್ದು?"

ಅಕ್ಕ ತಲೆ ತಗ್ಗಿಸಿದಳು. "ಅದೂ ಚಿಕ್ಕಪ್ಪನೇ."

"ಕೆರೇಲಿ ಈಜು?"

"ಅಪ್ಪಂಗೆ ಎದೆನೋವು ಕಣೋ. ಕೊನೇ ವರ್ಷವೆಲ್ಲ ಹಾಸಿಗೆ, ಕುರ್ಚಿ, ಹಾಸಿಗೆ. ಯಾವಾಗಲೋ ಒಂದೊಂದು ಸಂಜೆ ಬೀದಿವರೆಗೆ ನಡೀತಿದ್ರು. ನೀನು ಒಳ್ಳೇದನ್ನೆಲ್ಲ ಅಪ್ಪಂಗೆ ಕೊಟ್ಟುಬಿಟ್ಟಿದೀಯ. ನೀನು ಹೇಳೋವಾಗೆಲ್ಲ ಸುಮ್ನಿರ್ತಿದ್ದೆ, ತಪ್ಪು ಅಂತ ಹೇಳಿ ಏನು ಸಿಗ್ಬೇಕು ಅಂತ."

ಅವನಿಗೆ ಕೂತಲ್ಲೇ ಕುರ್ಚಿ ಜಾರಿದಂತಾಯಿತು. ತನ್ನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದ, ನಿಮ್ಮ ತಾತ ನಂಗೆ ಸೈಕಲ್ ಕಲಿಸುವಾಗ ಹಿಂದೆ ಹಿಂದೆ ಓಡಿಬರ್ತಿದ್ರು ಅಂತ. ಎದೆನೋವಿನ ಮನುಷ್ಯ ಓಡಿಬರುವುದೆಲ್ಲಿಂದ. ಒಂದು ಸಲವೂ ಈ ಯೋಚನೆ ಬಂದಿರಲಿಲ್ಲ.

"ಚಿಕ್ಕಪ್ಪ ಸತ್ತು ಎಷ್ಟು ವರ್ಷ ಆಯ್ತು?" ಎಂದು ಕೇಳಿದ.

"ಸತ್ತಿಲ್ಲ" ಎಂದಳು ಅಕ್ಕ. "ಬಣ್ಣದ ಅಂಗಡಿ ಬೀದೀಲಿ ಇದಾರೆ. ಹೋದ ತಿಂಗಳು ಹೋಗಿದ್ದೆ, ಮಂಡಿನೋವು ಅಂತಿದ್ರು."

"ಹೋಗಿದ್ದೆ ಅಂದ್ರೆ?"

"ಅವಾಗವಾಗ ಹೋಗ್ತೀನಿ. ಮೊದಲಿಂದಲೂ ಹೋಗ್ತೀನಿ."

"ಅಮ್ಮಂಗೆ ಗೊತ್ತಿರಲಿಲ್ಲವಾ?"

"ಅಮ್ಮನೇ ಕಳಿಸ್ತಿದ್ದಿದ್ದು. ಬದುಕಿದಾನಾ ಇಲ್ಲವಾ ನೋಡ್ಕೊಂಡು ಬಾ ಅನ್ನೋಳು. ಬಂದು ಹೇಳೋಕೆ ಹೋದ್ರೆ, ಅವನ ಸುದ್ದಿ ನಂಗ್ಯಾಕೆ ಅಂತ ಬೈಯೋಳು."

ಇದರ ತಲೆ ಬುಡ ಅವನಿಗೆ ತಿಳಿಯಲಿಲ್ಲ. ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಅಮ್ಮನೇ ಕಳಿಸುತ್ತಿದ್ದಳು. ಇದೇ ಊರಿನಲ್ಲಿ, ಅವನು ತಿಂಗಳಿಗೊಮ್ಮೆ ಲಿಫ್ಟು ನೋಡಲು ಹೋಗುವ ಬೀದಿಯ ಪಕ್ಕದ ಬೀದಿಯಲ್ಲಿ, ಸತ್ತನೆಂದುಕೊಂಡವನು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದ. "ನಂಗ್ಯಾಕೆ ಹೇಳ್ಲಿಲ್ಲ?" ಎಂದ. "ನೀನು ಕೇಳ್ಲೇ ಇಲ್ವಲ್ಲೋ" ಎಂದಳು ಅಕ್ಕ. ಅದೂ ನಿಜವೇ ಆಗಿತ್ತು.

ಆ ವಾರ ಅವನು ಬಣ್ಣದ ಅಂಗಡಿ ಬೀದಿಗೆ ಹೋಗಲಿಲ್ಲ. ಹೋಗಿ ಏನು ಕೇಳುವುದು? ಚಿಕ್ಕಪ್ಪ ಹೌದು ಎಂದರೆ ಅಪ್ಪನ ಕೊನೆಯ ತುಣುಕೂ ಕೈಬಿಟ್ಟು ಹೋಗುತ್ತದೆ. ಅಪ್ಪನದೆಂದು ತಾನು ಇಟ್ಟುಕೊಂಡಿದ್ದರಲ್ಲಿ ಸೈಕಲ್ಲು ಹೋಯಿತು, ಈಜು ಹೋಯಿತು, ಉಳಿದದ್ದು ಹೆಗಲೊಂದೇ. ಅದರಲ್ಲಿಯೂ ಅರ್ಧ ಹೋಗಿಯಾಗಿತ್ತು. ಹೆಂಡತಿ, "ಯಾರ ಹೆಗಲಾದ್ರೇನ್ರೀ, ಬಿದ್ದಿಲ್ವಲ್ಲ" ಎಂದಳು. ಅವಳು ಸಮಾಧಾನಕ್ಕೇ ಹೇಳಿದ್ದು. ಅವನಿಗೆ ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

ಮುಂದಿನ ಭಾನುವಾರ ಹೋಗದೇ ಇರಬೇಕೆಂದುಕೊಂಡವನು, ಚಪ್ಪಲಿ ಅಭ್ಯಾಸಬಲದಿಂದ ಕಾಲಿಗೆ ಬಂದದ್ದರಿಂದ, ಹೋದ. ಅಲ್ಲಿ ಮೂವರೂ ಅವನಿಗಾಗಿಯೇ ಕಾಯುತ್ತಿದ್ದರು. ಸ್ಟುಡಿಯೋ ತನ್ನ ಹಾಗೆಯೇ ಡಿಸ್ಕ್ ಸುಡುವ ಬೇರೆ ಊರಿನ ಗೆಳೆಯನೊಬ್ಬನಿಂದ ಆ ಧಾರಾವಾಹಿಯ ಟೇಪು ತರಿಸಿದ್ದ. ಯಾರೋ ಪುಣ್ಯಾತ್ಮರು ತಮ್ಮ ಮನೆಯ ಟೀವಿಯಿಂದ ಟೇಪಿಗೆ ಇಳಿಸಿಟ್ಟುಕೊಂಡಿದ್ದು. ಮೇಷ್ಟ್ರು ಹೊಸ ಡಿಸ್ಕನ್ನು ಬೆಳಕಿಗೆ ಹಿಡಿದು ಗೀರು ಹುಡುಕುತ್ತಿದ್ದರು. "ಟೇಪು ಎರಡನೇ ಸಲ ಓಡುತ್ತೋ ಇಲ್ಲವೋ, ನೋಡ್ತಾ ನೋಡ್ತಾನೇ ಇಳಿಸಿಬಿಡೋಣ" ಎಂದರು.

ಕಂಪ್ಯೂಟರಿನ ಪರದೆಯ ಮೇಲೆ ಗೆರೆಗಳು ಕುಣಿದು, ಆಮೇಲೆ ಸೇತುವೆ ಬಂತು. ಸೇತುವೆಯ ಮೇಲೆ ಕಾರು ಬಂತು. ಬೂದುಬಣ್ಣದ ಕಾರು, ಬೂದುಬಣ್ಣದ ನದಿ, ಬೂದುಬಣ್ಣದ ಆಕಾಶ.

"ನೋಡಿದ್ರಾ" ಎಂದ ಸ್ಟುಡಿಯೋ. "ಮೇಷ್ಟ್ರ ಎರಡನೇ ಸಲದ ಮಾತೂ ಸುಳ್ಳು. ನನ್ನ ಗೆಳೆಯನ್ನ ಕೇಳಿದೆ, ಇದನ್ನ ಮತ್ತೆ ಹಾಕಲೇ ಇಲ್ಲವಂತೆ. ಕಲರ್ ಆಗಿದ್ದೂ ಇಲ್ಲ."

ಲಿಫ್ಟಣ್ಣ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ. ಪತ್ತೇದಾರ ಕಾರಿನಿಂದಿಳಿದು ಕುಂಟುತ್ತಾ ಹತ್ತಿರ ಬಂದ. "ಇವನೇ" ಎಂದ ಲಿಫ್ಟಣ್ಣ. "ಇವನೇ. ಆದ್ರೆ ನಾನು ನೋಡಿದಾಗ ಇವನ ಕೂದಲು ನೀಲಿ ಇತ್ತು."

ಮೇಷ್ಟ್ರು ಮತ್ತು ಸ್ಟುಡಿಯೋ ಒಬ್ಬರನ್ನೊಬ್ಬರು ನೋಡಿಕೊಂಡರು. ಇವನ ತಲೆ ಪೂರ್ತಿ ಕೆಟ್ಟಿತು ಎಂಬ ನೋಟ ಅದು. ಮೇಡಂ ಮಾತ್ರ ಚಹಾದ ಲೋಟ ಕೆಳಗಿಟ್ಟರು.

"ನೀಲಿ ಕೂದಲಾ? ಕಾಲು ಯಾವ ಬಣ್ಣ ಇತ್ತು?"

"ಕಾಲು..." ಅವನು ಕಣ್ಣು ಮುಚ್ಚಿದ. "ಹಸಿರು. ನಗಬೇಡಿ. ಹಸಿರು ಕಾಲು."

"ನಾನ್ಯಾಕೆ ನಗಲಿ" ಎಂದರು ಮೇಡಂ. "ನಮ್ಮನೇಲೂ ಇತ್ತು ಅದು. ಬಣ್ಣದ ಪ್ಲಾಸ್ಟಿಕ್ ಹಾಳೆ. ಮೇಲೆ ನೀಲಿ, ಮಧ್ಯೆ ಕೆಂಪು, ಕೆಳಗೆ ಹಸಿರು. ಕಪ್ಪು ಬಿಳುಪು ಟೀವಿ ಮುಂದೆ ಸಿಕ್ಕಿಸಿದ್ರೆ ಕಲರ್ ಟೀವಿ ಆಯ್ತು ಅಂತ ಮಾರೋರು. ಯಾರೇ ಬರಲಿ, ನೀಲಿ ತಲೆ, ಕೆಂಪು ಹೊಟ್ಟೆ. ನಮ್ಮಜ್ಜಿ ವಾರ್ತೆ ಓದೋಳನ್ನ ನೋಡಿ, ಪಾಪ ಹುಷಾರಿಲ್ಲ ಅನ್ಸುತ್ತೆ ಅನ್ನೋರು. ನಿಮ್ಮ ಕಾರು ಸೇತುವೆ ಮೇಲೆ, ಅಂದ್ರೆ ಸರಿಯಾಗಿ ನಡುಮಧ್ಯೆ ಬಂದಿದೆ. ಕೆಂಪಾಗದೆ ಇನ್ನೇನಾಗುತ್ತೆ?"

ಮೇಷ್ಟ್ರು ಎದ್ದು ನಿಂತರು. "ಹಾಗಾದ್ರೆ ಕಲರ್ ಬರೋಕೆ ಮೊದಲೇ ನೋಡಿರೋದು. ಲಿಫ್ಟಣ್ಣ, ನಿಮ್ಮ ತಂದೆ ಆಗ ಇದ್ದಿರಬಹುದು. ನನ್ನ ಲೆಕ್ಕ ವಾಪಸ್ ತಗೊಂಡೆ." ಸ್ಟುಡಿಯೋ ಅವನ ಬೆನ್ನು ತಟ್ಟಿದ. ಎಲ್ಲರಿಗೂ ಹಬ್ಬದಷ್ಟು ಸಂತೋಷವಾಗಿತ್ತು. ಲಿಫ್ಟಣ್ಣನಿಗೂ ಆಗಬೇಕಿತ್ತು. ಆದರೆ ಅವನು ಅಕ್ಕನ ಮಾತನ್ನು ಅವರಿಗೆ ಹೇಳಿರಲಿಲ್ಲ. ಒಂದು ವಾರ ಒದ್ದಾಡಿ, ಅದು ಚಿಕ್ಕಪ್ಪನ ಹೆಗಲು ಎಂದು ಹೇಗೋ ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದ. ಈಗ ಮತ್ತೆ ಅಪ್ಪ ಅಂತಿದ್ದಾರೆ. ಅಪ್ಪ ಇದ್ದಾಗಲೂ ಚಿಕ್ಕಪ್ಪ ಇದ್ದರಲ್ಲ. ಅಪ್ಪ ಆಗಿರಬಹುದು ಎಂದಷ್ಟೇ ಆಯಿತು, ಅಪ್ಪನೇ ಎಂದಾಗಲಿಲ್ಲ. ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದುಕೊಂಡವನಂತೆ ಅವನು ಮನೆಗೆ ಹೋದ.

ಕೊನೆಗೆ ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದಾಗ ಕಾಲು ತಾನಾಗಿಯೇ ಬಣ್ಣದ ಅಂಗಡಿ ಬೀದಿಗೆ ತಿರುಗಿತು. ಅಕ್ಕ ಗುರುತು ಹೇಳಿದ್ದಳು: ಬಟ್ಟೆಗೆ ಬಣ್ಣ ಹಾಕುವ ಅಂಗಡಿಯ ಹಿಂದೆ ಉದ್ದನೆಯ ಓಣಿ, ಕೊನೆಯಲ್ಲಿ ಒಂದೇ ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತೆಳ್ಳಗಿನ ಮುದುಕರೊಬ್ಬರು ರೇಡಿಯೋದ ಹಿಂಬದಿ ಬಿಚ್ಚಿಟ್ಟುಕೊಂಡು ಕೂತಿದ್ದರು. ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ನಿಮ್ಮಕ್ಕ ಹೇಳಿದ್ಲು ಬರ್ತಾನೆ ಅಂತ" ಎಂದರು. "ಬರಲ್ಲ ಅಂದ್ಕೊಂಡಿದ್ದೆ. ಕೂತ್ಕೋ."

ಕೂರಲು ಇದ್ದದ್ದು ಮಂಚ ಒಂದೇ. ಕೂತ. ರೇಡಿಯೋಗೆ ಏನಾಗಿದೆ ಎಂದು ಕೇಳಿದ. ತಂತಿ ಬಿಟ್ಟಿದೆ ಎಂದರು. ಲಿಫ್ಟಣ್ಣ ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಟ್ಟ. ಸ್ವಲ್ಪ ಹೊತ್ತು ಇಬ್ಬರೂ ರೇಡಿಯೋದ ಮೇಲೆ ಬಗ್ಗಿದ್ದರು, ಮಾತಿಗಿಂತ ಅದು ಸುಲಭವಾಗಿತ್ತು.

"ಚಿಕ್ಕಪ್ಪ, ನೀವು ಯಾಕೆ ಹೋದ್ರಿ?" ಎಂದು ಕೇಳಿದ. ಅದನ್ನು ಕೇಳಲು ಬಂದಿರಲಿಲ್ಲ.

"ಅತ್ತಿಗೇನೇ ಹೋಗು ಅಂದ್ಲು" ಎಂದರು ಚಿಕ್ಕಪ್ಪ, ತಂತಿಯಿಂದ ಕಣ್ಣು ತೆಗೆಯದೆ. "ಜನ ಮಾತಾಡೋಕೆ ಶುರುಮಾಡಿದ್ರು. ಒಂದೇ ಮನೇಲಿ ಇದೀರಲ್ಲ, ಮದುವೆನೇ ಆಗಿಬಿಡಿ ಅಂತ ಕೆಲವರು. ಇನ್ನು ಕೆಲವರು ಬೇರೆ ತರ. ಅವಳಿಗೂ ಬೇಡ, ನಂಗೂ ಬೇಡ. ದೂರ ಹೋಗು, ತಿರುಗಿ ಬರಬೇಡ ಅಂದ್ಲು. ಹೋದೆ. ನನ್ನ ಕೈಲಿ ಜಾಸ್ತಿ ದೂರ ಹೋಗೋಕಾಗ್ಲಿಲ್ಲ, ಅಷ್ಟೇ."

ಲಿಫ್ಟಣ್ಣ ಆಮೇಲೆ ಹೆಗಲಿನ ವಿಷಯ ತೆಗೆದ. ಟೀವಿ ಅಂಗಡಿ, ಬಣ್ಣದ ಹಾಳೆ, ಜನ, ಸೇತುವೆ, ಕೆಂಪು ಕಾರು. ಹೇಳುತ್ತಾ ಹೇಳುತ್ತಾ, ಐವತ್ತು ದಾಟಿದ ತಾನು ಇದನ್ನು ಕೇಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಚಿಕ್ಕಪ್ಪ ನಗಲಿಲ್ಲ.

"ಅಂಗಡಿ ನೆನಪಿದೆ. ಆ ಹಾಳೇನೂ ನೆನಪಿದೆ. ನಿನ್ನನ್ನ ನಾನು ಎಷ್ಟೋ ಸಲ ಹೊತ್ತಿದೀನಿ. ಅಣ್ಣನೂ ಹೊರೋನು, ಬೇಡ ಅಂದ್ರೆ ಕೇಳ್ತಿರಲಿಲ್ಲ. ಎದೆ ಹಿಡ್ಕೊಂಡ್ರೆ ನಾನು ಇಳಿಸ್ಕೋತಿದ್ದೆ. ಅವತ್ತೂ ಹಾಗೇ ಇರಬಹುದು, ಅರ್ಧ ಅವನು, ಅರ್ಧ ನಾನು." ರೇಡಿಯೋದ ತಂತಿಯನ್ನು ಬೆರಳಲ್ಲಿ ಸರಿಸಿದರು. "ಆದ್ರೆ ನೋಡು, ಇದು ನಂಗೆ ನಿಜವಾಗಿ ನೆನಪಿದ್ದು ಹೇಳ್ತಿದೀನೋ, ನಿಂಗೆ ಸಮಾಧಾನ ಆಗ್ಲಿ ಅಂತ ಈಗ ಕಟ್ಟಿ ಹೇಳ್ತಿದೀನೋ, ನಂಗೇ ಗೊತ್ತಾಗ್ತಿಲ್ಲ. ನಾನೂ ಅಣ್ಣನ್ನ ಎಷ್ಟೋ ಕಡೆ ಸೇರಿಸ್ಕೊಂಡುಬಿಟ್ಟಿದೀನಿ, ಅವನು ಇಲ್ಲದೇ ಇದ್ದ ಕಡೆಯೆಲ್ಲ."

ಲಿಫ್ಟಣ್ಣ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡ. ಕೇಳಲು ಬಂದದ್ದಕ್ಕೆ ಉತ್ತರ ಸಿಗಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಆದರೆ ತನ್ನ ಹಾಗೆಯೇ ತಪ್ಪು ಲೆಕ್ಕದಲ್ಲಿ ಬದುಕಿದವರು ಇನ್ನೊಬ್ಬರು ಇದ್ದಾರೆ ಎಂಬುದೂ ಗೊತ್ತಾಯಿತು. ಅದು ಖುಷಿಯೋ ದುಃಖವೋ ಹೇಳಲಾಗುತ್ತಿರಲಿಲ್ಲ.

ಆಮೇಲೆ ಅವನು ಆ ಕಡೆ ಕೆಲಸವಿದ್ದಾಗಲೆಲ್ಲ ಓಣಿಗೆ ಇಳಿಯತೊಡಗಿದ. ಕೆಲವು ಸಲ ಕೆಲಸವಿಲ್ಲದಿದ್ದರೂ. ಸ್ಟುಡಿಯೋದ ಕೋಣೆಯಲ್ಲಿ ಚಿಕ್ಕಪ್ಪನ ವಿಷಯ ಹೇಳಿದ ಮೇಲೆ ಮೇಷ್ಟ್ರು ಎರಡು ಮೂರು ವಾರ, "ತೀರ್ಮಾನ ಏನಾಯ್ತು, ಯಾರ ಹೆಗಲು?" ಎಂದು ಕೇಳಿದರು. "ಗೊತ್ತಿಲ್ಲ ಮೇಷ್ಟ್ರೇ" ಎಂದ. ಗೊತ್ತಿಲ್ಲ ಎಂಬ ಉತ್ತರವನ್ನು ಮೇಷ್ಟ್ರು ವೃತ್ತಿಯಲ್ಲಿದ್ದಾಗಲೂ ಒಪ್ಪಿದವರಲ್ಲ. ಬೇಸರದಿಂದ ಬೇರೆ ಪ್ರಶ್ನೆಗೆ ಹೋದರು. ಮೇಡಂ ಮಾತ್ರ ಚಿಕ್ಕಪ್ಪನ ಮಂಡಿನೋವಿಗೆ ಒಂದು ಮುಲಾಮು ಕಟ್ಟಿಕೊಟ್ಟು, "ಬಿಸಿನೀರಲ್ಲಿ ಒರೆಸಿ ಆಮೇಲೆ ಹಚ್ಚಿ" ಎಂದರು.

ಒಂದು ಸಂಜೆ ಅವನು ಮುಲಾಮು ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದ. ಓಣಿಯಿಂದ ಬಣ್ಣದ ನೀರಿನ ವಾಸನೆ ಬರುತ್ತಿತ್ತು. ಚಿಕ್ಕಪ್ಪ ಕುರ್ಚಿಯಲ್ಲಿ ಅರ್ಧ ನಿದ್ದೆಯಲ್ಲಿದ್ದರು.

"ಅಣ್ಣಾ, ಬಾಗಿಲು ಮುಂದೆ ಮಾಡು, ಗಾಳಿ" ಎಂದರು.

ಲಿಫ್ಟಣ್ಣ ಒದ್ದೆ ಕೈಯಲ್ಲೇ ನಿಂತ. ವಯಸ್ಸಾದವರು ಚಿಕ್ಕವರನ್ನೂ ಪ್ರೀತಿಗೆ ಅಣ್ಣ ಎನ್ನುವುದುಂಟು. ಅಥವಾ ಅವರು ನಿದ್ದೆಗಣ್ಣಿನಲ್ಲಿ ತಮ್ಮ ಅಣ್ಣನನ್ನೇ ಕರೆದಿರಬಹುದು. ಯಾವುದೆಂದು ಕೇಳಬಹುದಿತ್ತು. ಅವನು ಬಾಗಿಲನ್ನು ಮುಂದೆ ಮಾಡಿ, ಟವೆಲು ಹುಡುಕಿ ಕೈ ಒರೆಸಿಕೊಂಡು, ಮಂಚದ ಅಂಚಿನಲ್ಲಿ ಕೂತ.